ಬೆಂಗಳೂರಿನಲ್ಲಿ ಕಂಡ ನಮ್ಮ ಸೀಮೆಯ ಚರಿತ್ರೆ

ನಮ್ಮ ವಾಚನಾಲಯದ ಮೂಲೆಯಲ್ಲಿ ಒಂದು ತಗಡಿನ ಟ್ರಂಕು ಐತೆ. ಅದರಲ್ಲಿ ಬಯಲಾಟದ ಪ್ರಸಂಗದ ಪುಸ್ತಕಗಳು, ಭಜನೆ ಪದದ ನೋಟುಬುಕ್ಕುಗಳು, ಸೋಬಾನೆ ಪದ ಬರೆದಿಟ್ಟ ಬಿಡಿ ಕಾಗದಗಳು ಇದಾವೆ. ಕೆಲವು ಕನ್ನಡ ಅಕ್ಷರದಲ್ಲಿ, ಕೆಲವು ತೆಲುಗು ಅಕ್ಷರದಲ್ಲಿ ಬರೆದ ಕನ್ನಡ. ಹೋದ ಮುಂಗಾರಿನಲ್ಲಿ ಗೋಡೆಗೆ ನೀರಿಳಿದು ಟ್ರಂಕಿನ ತಳಕ್ಕೆ ಗೆದ್ದಲು ಹತ್ತಿತು. ಬಿಚ್ಚಿ ನೋಡಿದರೆ ಒಂದು ಪ್ರಸಂಗದ ಅರ್ಧ ಪುಸ್ತಕ ಮಣ್ಣಾಗಿತ್ತು. ಅದನ್ನು ಬರೆದಿದ್ದ ಭಾಗವತರು ತೀರಿಕೊಂಡು ಬಹಳ ವರ್ಷ ಆಯಿತು. ಉಳಿದ ಅರ್ಧ ಯಾರ ಬಾಯಲ್ಲೂ ಇಲ್ಲ.

ಅವತ್ತು ರಾತ್ರಿ ವಾಚನಾಲಯದಲ್ಲಿ ಎಲ್ಲರೂ ಸೇರಿದೆವು. ಒಬ್ಬರು, ಇದನ್ನೆಲ್ಲ ಬೆಂಗಳೂರಿಗೆ ಕೊಟ್ಟುಬಿಡೋಣ, ಅಲ್ಲಿ ಜೋಪಾನವಾಗಿ ಇಡ್ತಾರೆ ಅಂದರು. ಇನ್ನೊಬ್ಬರು, ನಾವು ಇರೋದು ಆಂಧ್ರದಲ್ಲಿ, ಅನಂತಪುರಕ್ಕೆ ಕೊಡೋಣ ಅಂದರು. ಮತ್ತೊಬ್ಬರು, ಎಲ್ಲಿಗೂ ಬೇಡ, ಇಲ್ಲೇ ಇರಲಿ ಅಂದರು. ನಾನು, ಕೊಡೋದು ಬಿಡೋದು ಆಮೇಲಾಯಿತು, ಮೊದಲು ಪಟ್ಟಣದೋರು ಹೆಂಗೆ ಇಟ್ಟವ್ರೆ ಅಂತ ನೋಡಿ ಬರೋಣ ಅಂದೆ. ಹಂಗಾಗಿ ನಾನು, ಶಾಲೆಯ ಕನ್ನಡ ಮೇಷ್ಟ್ರು, ವಾಚನಾಲಯದ ಲೆಕ್ಕ ಬರೆಯೋ ಹುಡುಗ ಮೂವರೂ ಶಿರಾ ಮೇಲಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಇದಕ್ಕೆ ಮುಂಚೆಯೂ ಹಾಡೋದಕ್ಕೆ ಕರೆದಾಗ ನಾನು ಹೋಗಿ ಬಂದಿದ್ದೆ. ಎಲ್ಲ ಸಲ ಕಂಡದ್ದನ್ನು ಸೇರಿಸಿ ಇಲ್ಲಿ ಬರೀತಾ ಇದೀನಿ. ನಾನು ಓದಿದ್ದು ಏಳನೇ ತರಗತಿ. ಇಸವಿಗಳನ್ನು ಮೇಷ್ಟ್ರು ಪುಸ್ತಕ ನೋಡಿ ಸರಿ ಮಾಡಿಕೊಟ್ಟಿದ್ದಾರೆ.

ಮೊದಲು ನಮ್ಮ ಸೀಮೆಯ ಸಂಗತಿ ಹೇಳಬೇಕು. ಇಲ್ಲದಿದ್ದರೆ ನಮ್ಮ ವಸ್ತುಗಳು ಯಾಕೆ ನಾಲ್ಕು ಪಟ್ಟಣದಲ್ಲಿ ಚದುರಿ ಬಿದ್ದಾವೆ ಅಂಬೋದು ತಿಳಿಯೋದಿಲ್ಲ.

ಅಮರಾಪುರದ ಪಕ್ಕದ ಹೇಮಾವತಿಯನ್ನು ನಾವು ಸಿದ್ದೇಶ್ವರನ ಜಾತ್ರೆ ಊರು ಅಂತಲೇ ತಿಳಿದಿದೀವಿ. ಸಾವಿರ ವರ್ಷದ ಹಿಂದೆ ಅದಕ್ಕೆ ಹೆಂಜೇರು ಅಂತ ಹೆಸರು, ನೊಳಂಬ ಅರಸರ ರಾಜಧಾನಿ. ಅವರ ನಾಡಿಗೆ ನೊಳಂಬವಾಡಿ 32,000 ಅಂತ ಶಾಸನದಲ್ಲಿ ಕರೆದಿದ್ದಾರೆ. ಕರೀ ಕಲ್ಲಿನ ಮೇಲೆ ಬೆಣ್ಣೆ ಕೆತ್ತಿದ ಹಂಗೆ ಕೆತ್ತಿದ ಕಂಬಗಳು ಅಲ್ಲಿದ್ದವು. 11ನೇ ಶತಮಾನದಲ್ಲಿ ತಮಿಳುನಾಡಿನ ಚೋಳರು ದಂಡೆತ್ತಿ ಬಂದಾಗ ಅಂಥ 40ಕ್ಕೂ ಹೆಚ್ಚು ಕಂಬಗಳನ್ನು ಹೊತ್ತುಕೊಂಡು ಹೋದರು. ಅವು ಇವತ್ತಿಗೂ ತಂಜಾವೂರಿನ ಹತ್ತಿರ ತಿರುವೈಯಾರಿನ ದೇವಸ್ಥಾನದಲ್ಲಿ ನಿಂತಿದಾವೆ. ತ್ಯಾಗರಾಜರ ಆರಾಧನೆ ನಡೆಯೋದು ಅದೇ ಊರಲ್ಲಿ. ಆಮೇಲೆ ಇಂಗ್ಲಿಷರ ಕಾಲದಲ್ಲಿ ನಾವು ಮದರಾಸು ಆಡಳಿತದಲ್ಲಿ ಇದ್ದದ್ದರಿಂದ ಹೇಮಾವತಿಯ ಇನ್ನೊಂದಿಷ್ಟು ವಿಗ್ರಹಗಳು ಮದರಾಸಿನ ಎಗ್ಮೋರ್ ಮ್ಯೂಸಿಯಮ್ಮಿಗೆ ಸೇರಿದವು. ಒಂದು ಸಲ ಹೋದದ್ದು ಯುದ್ಧದಲ್ಲಿ, ಇನ್ನೊಂದು ಸಲ ಹೋದದ್ದು ಸರ್ಕಾರದ ಕಾಗದದಲ್ಲಿ. ಉಳಿದದ್ದು ಹೇಮಾವತಿ ಗುಡಿಯ ಆವರಣದಲ್ಲಿ ಐತೆ.

ಗಡಿಯ ಕಥೆಯೂ ಹಂಗೇ. ಮೊದಲು ಎಲ್ಲವೂ ಬಳ್ಳಾರಿ ಜಿಲ್ಲೆ. 1882ರಲ್ಲಿ ಅದನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗ ಮಡಕಶಿರಾ ಈ ಕಡೆ ಬಂತು, ರಾಯದುರ್ಗ ಬಳ್ಳಾರಿಯಲ್ಲೇ ಉಳೀತು. 1926ರಲ್ಲಿ ಬಳ್ಳಾರಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ರಾಯದುರ್ಗದೋರಿಗೆ ಅದು ತಮ್ಮ ಜಿಲ್ಲೆಯ ಸಮ್ಮೇಳನ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ಮೂರು ತಾಲ್ಲೂಕು ಆಂಧ್ರಕ್ಕೆ ಬಂದವು. ಈಗ 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ರಾಯದುರ್ಗ ಅನಂತಪುರದಲ್ಲೇ ಐತೆ. ಜನ ಇದ್ದಲ್ಲೇ ಇದ್ದರು, ಜಿಲ್ಲೆ ಮಾತ್ರ ಬದಲಾಗ್ತಾ ಹೋಯಿತು. ಒಂದೊಂದು ಸಲ ಬದಲಾದಾಗಲೂ ನಮ್ಮ ಕಾಗದ ಪತ್ರ, ಕಲ್ಲು, ಪದ ಒಂದೊಂದು ಊರಲ್ಲಿ ನಿಂತುಬಿಟ್ಟವು.

ಇನ್ನು ಬೆಂಗಳೂರಿನಲ್ಲಿ ಕಂಡದ್ದಕ್ಕೆ ಬರ್ತೀನಿ.

ಕಬ್ಬನ್ ಪಾರ್ಕಿನ ಪಕ್ಕ ಕಸ್ತೂರಬಾ ರಸ್ತೆಯಲ್ಲಿ ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ ಐತೆ. ಮ್ಯೂಸಿಯಂ ಶುರುವಾದದ್ದು 1865ರಲ್ಲಿ, ಈಗಿನ ಕಟ್ಟಡ 1877ರದು. ಅಲ್ಲಿ ಎರಡು ಕಲ್ಲು ನಾನು ಮರೆಯೋ ಹಂಗಿಲ್ಲ. ಒಂದು ಮದ್ದೂರು ಕಡೆಯ ಆತಕೂರಿನಿಂದ ತಂದದ್ದು, ಸುಮಾರು 950ರ ಕಾಲದ್ದು. ಕಾಳಿ ಅನ್ನೋ ಬೇಟೆ ನಾಯಿ ಕಾಡುಹಂದಿ ಜೊತೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತದ್ದಕ್ಕೆ ನೆಟ್ಟ ಕಲ್ಲು ಅದು. ನಾಯಿ ಹಂದಿ ಎರಡನ್ನೂ ಕೆತ್ತಿದ್ದಾರೆ. ಯಜಮಾನ ಮಣಲೆರನ ಹೆಸರೂ ಐತೆ, ನಾಯಿಯ ಹೆಸರೂ ಐತೆ. ನಮ್ಮ ಹುಡುಗ ಅದರ ಮುಂದೆ ನಿಂತು, "ತಾತ, ಸಾವಿರ ವರ್ಷದ ಹಿಂದೆ ಸತ್ತ ನಾಯಿ ಹೆಸರು ಗೊತ್ತು. ನಮ್ಮೂರ ಭಾಗವತರ ಹೆಸರು ಆ ಪುಸ್ತಕದ ಮೇಲೆ ಇರಲಿಲ್ಲವಲ್ಲ?" ಅಂದ. ನನಗೆ ಬಾಯಿ ಬರಲಿಲ್ಲ.

ಇನ್ನೊಂದು ಬೇಗೂರಿನ ವೀರಗಲ್ಲು. ಆನೆ, ಕುದುರೆ, ಬಿಲ್ಲುಗಾರರು ಇರುವ ದೊಡ್ಡ ಯುದ್ಧವನ್ನೇ ಒಂದು ಚಪ್ಪಡಿ ಮೇಲೆ ಕೆತ್ತಿದ್ದಾರೆ. ಬೇಗೂರಿನ ನಾಗತ್ತರ ಅನ್ನೋನು ತುಂಬೆಪಾಡಿಯ ಕಾಳಗದಲ್ಲಿ ಸತ್ತ ಸಂಗತಿ ಅದು. ಅವನು ಗಂಗರ ಅರಸ ಎರೆಯಪ್ಪನ ಮಾತಿನಂತೆ ಹೋದದ್ದು ಅಯ್ಯಪದೇವನ ಪರವಾಗಿ, ವೀರಮಹೇಂದ್ರನ ಮೇಲೆ. ಆ ಅಯ್ಯಪದೇವ ನೊಳಂಬರ ಅರಸ ಅಂತ ತಿಳಿದೋರು ಹೇಳ್ತಾರೆ. ಅಂದರೆ ಹೆಂಜೇರಿನೋನು, ನಮ್ಮೋನು. ಬೆಂಗಳೂರು ಅನ್ನೋ ಹೆಸರು ಮೊದಲು ಸಿಗೋ ಶಾಸನ ಅದೇ ಬೇಗೂರಿನ ಗುಡಿಯಲ್ಲೇ ಇನ್ನೂ ಐತೆ. ಬೆಂಗಳೂರು ಒಂದು ಹಳ್ಳಿಯಾಗಿದ್ದಾಗ ಹೇಮಾವತಿ ರಾಜಧಾನಿ. ಇದನ್ನು ನಮ್ಮ ಮಕ್ಕಳಿಗೆ ಹೇಳಬೇಕು ಅಂತ ಮೇಷ್ಟ್ರು ಅಲ್ಲೇ ನಿಂತು ಬರೆದುಕೊಂಡರು. ಜಂಬ ಕೊಚ್ಚೋದಕ್ಕೆ ಹೇಳಬೇಕಾಗಿಲ್ಲ. ರಾಜಧಾನಿಯೂ ಹಳ್ಳಿಯಾಗ್ತದೆ, ಹಳ್ಳಿಯೂ ರಾಜಧಾನಿಯಾಗ್ತದೆ ಅಂಬೋದು ತಿಳಿದರೆ ಸಾಕು.

ಅಲ್ಲಿಂದ ಮರಗಳ ನೆರಳಲ್ಲಿ ನಡೆದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಸಿಗ್ತದೆ. ಅದು ರಾಜ್ಯ ಕೇಂದ್ರ ಗ್ರಂಥಾಲಯ. ಕೆಂಪು ಗೋಡೆ, ಎತ್ತರದ ಕಂಬ, ಒಳಗೆ ಸಾಲು ಸಾಲು ಬೀರು. ನಾವು ಹೋದಾಗ ಪರೀಕ್ಷೆಗೆ ಓದೋ ಹುಡುಗರೇ ಜಾಸ್ತಿ ಕೂತಿದ್ದರು. ಒಬ್ಬ ಮುದುಕರು ಪೇಪರ್ ಮುಂದಿಟ್ಟುಕೊಂಡು ನಿದ್ದೆ ಮಾಡ್ತಾ ಇದ್ದರು. ನಮ್ಮ ವಾಚನಾಲಯದಲ್ಲೂ ಹಂಗೇ ಒಬ್ಬರು ಇದ್ದಾರೆ, ಆದ್ದರಿಂದ ಪರಸ್ಥಳ ಅನ್ನಿಸಲಿಲ್ಲ. ಕರ್ನಾಟಕದಲ್ಲಿ ಅಚ್ಚಾದ ಪುಸ್ತಕದ ಪ್ರತಿಯನ್ನು ಸರ್ಕಾರದ ಗ್ರಂಥಾಲಯಕ್ಕೆ ಕಳಿಸಬೇಕು ಅಂತ ಕಾಯ್ದೆ ಐತಂತೆ. ಆಗ ನನಗೆ ಒಂದು ಯೋಚನೆ ಬಂತು. ಕನ್ನಡ ಪುಸ್ತಕವೇ ಆದರೂ ಮಡಕಶಿರಾದಲ್ಲೋ ಹಿಂದೂಪುರದಲ್ಲೋ ಅಚ್ಚಾದರೆ ಈ ಕಾಯ್ದೆಗೆ ಅದು ಸಿಗೋದಿಲ್ಲ. ಕೈಯಲ್ಲಿ ಬರೆದ ಪ್ರಸಂಗವಂತೂ ಯಾವ ರಾಜ್ಯದ ಕಾಯ್ದೆಗೂ ಸಿಗೋದಿಲ್ಲ. ಗಡಿಯ ಪುಸ್ತಕವನ್ನು ಗಡಿಯೋರೇ ಕಾಯಬೇಕು.

ಗ್ರಂಥಾಲಯದ ವಿಷಯದಲ್ಲಿ ನಮ್ಮೋರು ತಲೆ ತಗ್ಗಿಸಬೇಕಾಗಿಲ್ಲ. ಎಸ್.ಆರ್. ರಂಗನಾಥನ್ ಅವರ ಪ್ರಯತ್ನದಿಂದ ಮದರಾಸು ಸರ್ಕಾರ 1948ರಲ್ಲೇ ಸಾರ್ವಜನಿಕ ಗ್ರಂಥಾಲಯದ ಕಾಯ್ದೆ ತಂತು. ಆವಾಗ ಅನಂತಪುರವೂ ಮದರಾಸಿನಲ್ಲೇ ಇತ್ತು. ಮೈಸೂರು ರಾಜ್ಯದಲ್ಲಿ ಅಂಥ ಕಾಯ್ದೆ ಬಂದದ್ದು 1965ರಲ್ಲಿ. ಅಂದರೆ ನಮ್ಮ ಕಡೆ 17 ವರ್ಷ ಮುಂಚೆ. ಮನೆ ಕಂದಾಯದ ಜೊತೆ ಗ್ರಂಥಾಲಯದ ಸೆಸ್ಸು ಅಂತ ಕಟ್ಟುತೀವಲ್ಲ, ಅದರ ಬೇರು ಅಲ್ಲಿಂದ ಬಂದದ್ದು. ರಂಗನಾಥನ್ ಅವರು ಕಡೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿ 1962ರಲ್ಲಿ ಅಲ್ಲಿ ಗ್ರಂಥಾಲಯ ವಿದ್ಯೆ ಕಲಿಸೋ ಕೇಂದ್ರ ಕಟ್ಟಿದರು. ಪುಸ್ತಕಕ್ಕೆ ಬೀಗ ಹಾಕಿ ಇಟ್ಟರೆ ಗ್ರಂಥಾಲಯ ಆಗೋದಿಲ್ಲ, ಓದೋನ ಕೈಗೆ ಹೋಗಬೇಕು ಅಂಬೋದು ಅವರ ವಿಚಾರದ ಸಾರ. ಆ ಮಾತು ಕೇಳಿದಾಗ ನಮ್ಮ ಟ್ರಂಕಿನ ಬೀಗ ನೆನಪಾಗಿ ನಾಚಿಕೆ ಆಯಿತು. ಕೀಲಿ ಇದ್ದದ್ದು ನನ್ನ ಹತ್ತಿರವೇ.

ಮಾರನೇ ದಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋದೆವು. 1960ರಲ್ಲಿ ಶುರುವಾದದ್ದು ಅದು. ಎಂ.ಎಸ್. ನಂಜುಂಡರಾಯರು ಅದನ್ನು ಕಟ್ಟಿದೋರು. ಊರೂರು ತಿರುಗಿ ತೊಗಲು ಬೊಂಬೆಗಳನ್ನು ಸೇರಿಸಿದರು. ಒಂದು ಕೋಣೆಯ ತುಂಬ ಅವೇ. ಹತ್ತು ತಲೆ ರಾವಣ, ಹನುಮಪ್ಪ, ಬಂಗಾರಕ್ಕ. ನೋಡ್ತಾ ನೋಡ್ತಾ ನನಗೆ ಹುಡುಗತನದ ಸಗಣಿ ಸಾರಿಸಿದ ಬಯಲು ನೆನಪಾಯಿತು. ಕಿಳ್ಳೇಕ್ಯಾತರು ಬಂದರೆ ಮಳೆ ಬರ್ತದೆ ಅಂತ ಊರೋರು ರಾಗಿ, ಹುರುಳಿ ಕೊಟ್ಟು ಆಡಿಸೋರು. ಬಿಳೀ ಪಂಚೆ ಕಟ್ಟಿ, ಹಿಂದೆ ಹರಳೆಣ್ಣೆ ದೀಪ ಇಟ್ಟು, ತೊಗಲಿನ ಬಣ್ಣ ಪಂಚೆ ಮೇಲೆ ಬೀಳೋ ಹಂಗೆ ಆಡಿಸೋರು. ಒಬ್ಬನೇ ಐದು ಜನರ ದನಿ ಮಾಡೋನು, ಹೆಂಡತಿ ಹಿಮ್ಮೇಳ ಹಾಡೋಳು. ನಮ್ಮ ಜಿಲ್ಲೆ ಧರ್ಮಾವರಂ ಹತ್ತಿರ ನಿಮ್ಮಲಕುಂಟದಲ್ಲಿ ಈಗಲೂ ಆ ಮನೆತನಗಳು ಇದಾವೆ. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಈಗ ಬೊಂಬೆ ಆಡಿಸೋದು ಕಡಿಮೆಯಾಗಿ, ಅದೇ ತೊಗಲಿನಲ್ಲಿ ಲಾಂದ್ರದ ದೀಪದ ಬುರುಡೆ ಮಾಡಿ ಮಾರ್ತಾರೆ.

ಪರಿಷತ್ತಿನ ಬೊಂಬೆಗಳು ಗಾಜಿನ ಹಿಂದೆ ಚೆನ್ನಾಗಿ ಇದಾವೆ. ಹುಳ ಇಲ್ಲ, ತೇವ ಇಲ್ಲ. ನಂಜುಂಡರಾಯರು ಅವತ್ತು ಸೇರಿಸದೆ ಹೋಗಿದ್ದರೆ ಎಷ್ಟೋ ಬೊಂಬೆಗಳನ್ನು ಇವತ್ತು ನಾವು ನೋಡೋ ಹಂಗೇ ಇರಲಿಲ್ಲ. ಆದರೆ ಅಲ್ಲಿ ದೀಪ ಇಲ್ಲ, ಹಾಡಿಲ್ಲ. ಬೊಂಬೆಯ ಹಿಂದೆ ದೀಪ ಇಲ್ಲದಿದ್ದರೆ ಅದು ಬರೀ ತೊಗಲು. ಹಾಡು ಅದರ ಉಸಿರು. ಆ ಉಸಿರನ್ನು ಎಲ್ಲಿ ಇಡೋದು ಅಂಬೋ ಪ್ರಶ್ನೆ ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿತು.

ಪಂಚೆ ಮೇಲಿನ ಬೊಂಬೆ ಹೋಗಿ ಟೆಂಟಿನ ಪರದೆ ಬಂತು. ನಮ್ಮ ಕಡೆ ಟೂರಿಂಗ್ ಟಾಕೀಸು ಬಂದರೆ ಸಂಜೆ ಘಂಟಸಾಲ ಅವರ ವೆಂಕಟೇಶ್ವರನ ಹಾಡು ಹಾಕೋರು. ಅದು ಕೇಳಿದರೆ ಹೊಲದಲ್ಲಿ ಇದ್ದೋರು ನೊಗ ಬಿಚ್ಚಿ ಓಡಿ ಬರೋರು. ಒಂದು ವಾರ ತೆಲುಗು ಸಿನಿಮಾ, ಒಂದು ವಾರ ಕನ್ನಡ. ನಮಗೆ ಎರಡೂ ಒಂದೇ. ಡಾಕ್ಟರ್ ರಾಜಕುಮಾರರು ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' 1954ರದು. ಅದೇ ಕಥೆಯನ್ನು ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಅಂತ ತೆಗೆದಾಗಲೂ ಅವರೇ ಕಣ್ಣಪ್ಪ. ಅವರ ಒಂದೇ ತೆಲುಗು ಚಿತ್ರ ಅದು. ಗಡಿಯೋರಾದ ನಾವು ಎರಡೂ ಕಣ್ಣಪ್ಪನನ್ನು ನೋಡಿದೋರು.

ನಾಟಕದಲ್ಲೂ ಹಂಗೇ. ಬಳ್ಳಾರಿ ರಾಘವರು ಹುಟ್ಟಿದ್ದು 1880ರಲ್ಲಿ, ನಮ್ಮ ತಾಡಪತ್ರಿಯಲ್ಲಿ. ವಕೀಲರಾಗಿದ್ದುಕೊಂಡು ತೆಲುಗು, ಕನ್ನಡ, ಇಂಗ್ಲಿಷು ಮೂರು ಭಾಷೆಯಲ್ಲೂ ಪಾತ್ರ ಮಾಡಿದರು. 1939ರಲ್ಲಿ ಬಂದ 'ರೈತು ಬಿಡ್ಡ' ಅನ್ನೋ ತೆಲುಗು ಚಿತ್ರದಲ್ಲಿ ಅವರು ನಟಿಸಿದ್ದಾರೆ. ಜಮೀನುದಾರರ ಕೈಲಿ ರೈತರು ಪಡೋ ಪಾಡು ಆ ಚಿತ್ರದ ಕಥೆ. ಅದನ್ನು ಸರ್ಕಾರ ಕೆಲವು ಕಾಲ ತಡೆದಿತ್ತು ಕೂಡ.

ಬೆಂಗಳೂರಿನಲ್ಲಿ ಬನಶಂಕರಿ ಕಡೆ ಸುಚಿತ್ರ ಫಿಲಂ ಸೊಸೈಟಿ ಅಂತ ಐತೆ. 1971ರಲ್ಲಿ ಸಿನಿಮಾ ಪ್ರೀತಿಸೋ ಕೆಲವರು ಸೇರಿ ಕಟ್ಟಿದ್ದು. ಸಿನಿಮಾ ನೋಡಿ ಎದ್ದು ಹೋಗೋ ಜಾಗ ಅಲ್ಲ, ಆಮೇಲೆ ಕೂತು ಮಾತಾಡೋ ಪದ್ಧತಿ ಅವರದು. ಮೇಷ್ಟ್ರ ಪರಿಚಯದೋರು ಒಬ್ಬರು ಕರಕೊಂಡು ಹೋಗಿದ್ದರು. ಕಪ್ಪು ಬಿಳುಪಿನ ಹಳೇ ಚಿತ್ರ ಒಂದನ್ನು ನೋಡಿದೆವು. ಮುಗಿದ ಮೇಲೆ ಒಂದು ಹೆಣ್ಣುಮಗಳು ಎದ್ದು, ಕಥೆಯ ಆ ಹೆಂಗಸು ಯಾಕೆ ತಿರುಗಿ ಮಾತಾಡಲಿಲ್ಲ ಅಂತ ಕೇಳಿದಳು. ಇನ್ನೊಬ್ಬರು ಉತ್ತರ ಹೇಳಿದರು. ನಮ್ಮೂರಲ್ಲಿ ಬಯಲಾಟ ಆದ ಬೆಳಿಗ್ಗೆ ಅರಳೀಕಟ್ಟೆ ಮೇಲೆ ಕೂತು, ಕರ್ಣ ಮಾಡಿದ್ದು ಸರಿಯಾ ತಪ್ಪಾ ಅಂತ ಜಗಳ ಆಡ್ತೀವಲ್ಲ, ಥೇಟ್ ಅದೇ.

ಅಲ್ಲಿಯ ಮಾತಿನಲ್ಲೇ ನನಗೆ ಒಂದು ಸಂಗತಿ ತಿಳೀತು. ಕನ್ನಡದ ಮೊದಲನೇ ಮಾತಾಡೋ ಸಿನಿಮಾ 'ಸತಿ ಸುಲೋಚನಾ'. ಕೊಲ್ಲಾಪುರದಲ್ಲಿ ತೆಗೆದದ್ದು, ವೈ.ವಿ. ರಾವ್ ನಿರ್ದೇಶನ. ಸುಬ್ಬಯ್ಯನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಆ ಚಿತ್ರದ ಒಂದು ಪ್ರತಿಯೂ ಈಗ ಇಲ್ಲ. ಆ ಕಾಲದ ಸಿನಿಮಾ ರೀಲು ಬೇಗ ಬೆಂಕಿ ಹತ್ತೋ ವಸ್ತು, ಬಿಸಿಲಿಗೆ ತೇವಕ್ಕೆ ಕೆಡ್ತಿತ್ತು. ಅದರಲ್ಲಿರೋ ಬೆಳ್ಳಿಗೋಸ್ಕರ ಹಳೇ ರೀಲುಗಳನ್ನು ತೊಳೆದು ಮಾರೋದೂ ನಡೀತಿತ್ತು. ದೇಶದ ಸಿನಿಮಾಗಳನ್ನು ಕಾಯೋದಕ್ಕೆ ಪುಣೆಯಲ್ಲಿ ಸರ್ಕಾರ ಫಿಲಂ ಭಂಡಾರ ತೆರೆದದ್ದು 1964ರಲ್ಲಿ. ಅಷ್ಟು ಹೊತ್ತಿಗೆ 30 ವರ್ಷ ಕಳೆದಿತ್ತು.

ದುಡ್ಡಿರೋ ಪಟ್ಟಣದೋರೂ ತಮ್ಮ ಮೊದಲನೇ ಸಿನಿಮಾವನ್ನು ಕಳಕೊಂಡರು ಅಂತ ಕೇಳಿದಾಗ ನಮ್ಮ ಗೆದ್ದಲಿನ ದುಃಖ ಸ್ವಲ್ಪ ಹಗುರಾಯಿತು. ಆದರೆ ಭಯ ಹೆಚ್ಚಾಯಿತು. ಪಟ್ಟಣಕ್ಕೆ ಕೊಟ್ಟರೆ ಉಳೀತದೆ ಅಂಬೋ ನಂಬಿಕೆಯೂ ಅರ್ಧ ಸುಳ್ಳು ಅಂತ ಆಯಿತಲ್ಲ.

ಕಡೇ ದಿನ ನೋಡಿದ್ದು ಮ್ಯಾಪ್ ಅಂತ ಕರೆಯೋ ಹೊಸ ಮ್ಯೂಸಿಯಂ. ಅದೂ ಕಸ್ತೂರಬಾ ರಸ್ತೆಯಲ್ಲೇ, 2023ರ ಫೆಬ್ರವರಿಯಲ್ಲಿ ತೆರೆದದ್ದು. ಚಿತ್ರ, ಫೋಟೋ, ಸಿನಿಮಾ ಪೋಸ್ಟರು ಇಂಥವೆಲ್ಲ ಅವರ ಸಂಗ್ರಹದಲ್ಲಿ ಇದಾವೆ. ಹೊರಗಿನಿಂದ ನೋಡಿದರೆ ಉಕ್ಕಿನ ತಗಡಿನ ನೀರಿನ ಟ್ಯಾಂಕಿನ ಹಂಗೆ ಕಾಣ್ತದೆ. ಬೇಕಂತಲೇ ಹಂಗೆ ಕಟ್ಟಿದ್ದಾರಂತೆ. "ಟ್ಯಾಂಕು ಅಂದ್ರೆ ಸರಿಯೇ ಐತೆ ಅಣ್ಣಾ, ಕೂಡಿಟ್ಟುಕೊಳ್ಳೋ ಜಾಗ ತಾನೆ" ಅಂದರು ಮೇಷ್ಟ್ರು. ಅವರು ಅಂದದ್ದು ನಿಜ. ಟ್ಯಾಂಕಿಗೆ ನೀರು ತುಂಬೋ ಪೈಪು ಎಷ್ಟು ಮುಖ್ಯವೋ, ಊರಿಗೆ ನೀರು ಬಿಡೋ ನಲ್ಲಿಯೂ ಅಷ್ಟೇ ಮುಖ್ಯ.

ಆ ಮ್ಯೂಸಿಯಮ್ಮಿನೋರ ಸಂಗ್ರಹದಲ್ಲಿ ಜ್ಯೋತಿ ಭಟ್ ಅನ್ನೋ ಗುಜರಾತದ ಕಲಾವಿದರ ಫೋಟೋಗಳು ಇದಾವೆ. ಹಳ್ಳಿ ಹಳ್ಳಿ ತಿರುಗಿ, ಹೆಂಗಸರು ಗೋಡೆ ಮೇಲೆ ಅಂಗಳದಲ್ಲಿ ಬರೆದ ಚಿತ್ರಗಳ ಫೋಟೋ ತೆಗೆದೋರು ಅವರು. ರಂಗೋಲಿ ಬೆಳಿಗ್ಗೆ ಹಾಕಿದರೆ ಸಂಜೆಗೆ ಅಳಿಸಿ ಹೋಗ್ತದೆ. ಅದನ್ನೂ ಒಬ್ಬರು ಉಳಿಸಿದರು. ಅವರದೇ ಇನ್ನೊಂದು ಸಾಹಸ ಐತೆ. 2011ರಲ್ಲಿ ತೀರಿಕೊಂಡ ದೊಡ್ಡ ಚಿತ್ರಕಾರ ಎಂ.ಎಫ್. ಹುಸೇನರನ್ನು ಕಂಪ್ಯೂಟರಿನಲ್ಲಿ ಬರೋ ಹಂಗೆ ಮಾಡಿ, ನಾವು ಪ್ರಶ್ನೆ ಕೇಳಿದರೆ ಅವರೇ ಉತ್ತರ ಹೇಳೋ ಹಂಗೆ ಮಾಡಿದ್ದಾರೆ. ನಮ್ಮ ಹುಡುಗ ಅದನ್ನು ವಿವರಿಸಿ, "ಸತ್ತೋರೂ ಮಾತಾಡ್ತಾರೆ ತಾತ" ಅಂದ. ನಾನು ಸುಮ್ಮನೆ ಹೊರಗೆ ಬಂದು ಕೂತೆ. ಯಾಕೆ ಅಂಬೋದನ್ನು ಬರೀಲೇಬೇಕು.

ಸುಮಾರು 40 ವರ್ಷದ ಹಿಂದೆ ಒಬ್ಬರು ಟೇಪ್ ರೆಕಾರ್ಡರ್ ಹಿಡಕೊಂಡು ನಮ್ಮೂರಿಗೆ ಬಂದಿದ್ದರು. ಓದಿದೋರು, ಒಳ್ಳೇ ಮಾತಿನೋರು. ನಮ್ಮ ದೊಡ್ಡಮ್ಮನ ಹತ್ತಿರ ಎರಡು ರಾತ್ರಿ ಕೂತು ಸೋಬಾನೆ, ಬೀಸೋ ಪದ, ತೊಟ್ಟಿಲ ಪದ ಎಲ್ಲಾ ತುಂಬಿಕೊಂಡರು. ನಾನೇ ಲಾಟೀನು ಹಿಡಿದಿದ್ದೆ. ಹೋಗುವಾಗ ಒಂದು ಕ್ಯಾಸೆಟ್ಟು ಕಳಿಸ್ತೀನಿ ತಾಯಿ ಅಂದರು. ದೊಡ್ಡಮ್ಮ ಎರಡು ವರ್ಷ ಪೋಸ್ಟಿನೋನು ಬಂದಾಗೆಲ್ಲ, ಏನಾದರೂ ಬಂತಾ ಅಂತ ಕೇಳೋಳು. ಆಮೇಲೆ ಕೇಳೋದು ಬಿಟ್ಟಳು. ಆಮೇಲೆ ಹೋದಳು. ಅವಳಿಗೆ ಬರ್ತಿದ್ದ ಪದಗಳಲ್ಲಿ ನನಗೆ ಬರೋದು ಕಾಲು ಭಾಗ.

ಈ ಸಲ ಹೋದಾಗ ಇಂಥ ಧ್ವನಿ ಸಂಗ್ರಹ ಇಟ್ಟುಕೊಂಡಿರೋ ಒಂದು ಕಡೆ ವಿಚಾರಿಸಿದೆ. ಅವರು ಮರ್ಯಾದೆಯಿಂದಲೇ ಕೂರಿಸಿ, ಯಾವ ಜಿಲ್ಲೆ ಅಂದರು. ಅನಂತಪುರ ಅಂದೆ. ನಮ್ಮ ಪಟ್ಟಿಯಲ್ಲಿ ಕರ್ನಾಟಕದ ಜಿಲ್ಲೆಗಳು ಮಾತ್ರ ಇರೋದು ಸ್ವಾಮಿ ಅಂದರು. ಹಾಡಿದೋರ ಹೆಸರಿನಲ್ಲಿ ಹುಡುಕಿ ಅಂದೆ. ಹಳೇ ಕ್ಯಾಸೆಟ್ಟಿನ ಮೇಲೆ ಹೆಸರು ಬರೆದಿಲ್ಲ, ಹಳ್ಳಿಯ ಹೆಣ್ಣುಮಗಳು ಅಂತ ಬರೆದಿರ್ತದೆ ಅಂದರು. ಅಲ್ಲಿ ನಮ್ಮ ದೊಡ್ಡಮ್ಮನ ದನಿ ಇದ್ದರೂ ಇರಬಹುದು. ಇದ್ದರೂ ಅದು ಅವಳದು ಅಂತ ಹೇಳೋ ಹಂಗಿಲ್ಲ. ಆತಕೂರಿನ ನಾಯಿಗೆ ಸಿಕ್ಕ ಭಾಗ್ಯ ಅವಳಿಗೆ ಸಿಗಲಿಲ್ಲ.

ಬಂದು ಒಯ್ದೋರೆಲ್ಲ ಹಿಂಗೇ ಅಂತ ನಾನು ಹೇಳೋದಿಲ್ಲ. ಹಂಗೆ ಹೇಳಿದರೆ ಪಾಪ ಬರ್ತದೆ. ಹಲಸಂಗಿ ಗೆಳೆಯರು ಅಂತ ಬಿಜಾಪುರ ಕಡೆಯ ಹಳ್ಳಿಯ ಹುಡುಗರು 1931ರಲ್ಲಿ ಗರತಿಯ ಹಾಡುಗಳನ್ನು ಪುಸ್ತಕ ಮಾಡಿದ್ದರಿಂದಲೇ ಹೆಂಗಸರ ಪದಕ್ಕೆ ಓದಿದೋರ ನಡುವೆ ಬೆಲೆ ಬಂತು. 1926ರ ಬಳ್ಳಾರಿ ಸಮ್ಮೇಳನದ ಅಧ್ಯಕ್ಷರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ವಚನದ ಓಲೆಗರಿ ಸೇರಿಸಿ, ಮನೆ ಮಾರಿ ಮುದ್ರಣಾಲಯ ಹಾಕಿ ಅಚ್ಚು ಮಾಡಿದರು. ಇವತ್ತು ನಾವು ಭಜನೆಯಲ್ಲಿ ವಚನ ಹಾಡೋದು ಅವರ ಪುಣ್ಯ. ನಮ್ಮ ಗಡಿ ದಾಟಿದರೆ ಸಿಗೋ ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತೋರಲ್ಲ. ಅವರ ಪದಗಳನ್ನು ಕೃಷ್ಣಮೂರ್ತಿ ಹನೂರರು ಕೇಳಿ ಬರೆದುಕೊಂಡು ಆಕೆಯ ಹೆಸರಿನೊಂದಿಗೇ ಅಚ್ಚು ಮಾಡಿಸಿದರು. ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ 1994ರಲ್ಲಿ ಜಾನಪದ ಲೋಕ ತೆರೆದು, ನಮ್ಮಂಥ ಹಾಡುಗಾರರಿಗೆ ತವರುಮನೆ ಮಾಡಿಕೊಟ್ಟರು.

ಎಲ್ಲಕ್ಕಿಂತ ನಮ್ಮ ಜಿಲ್ಲೆಯ ದೃಷ್ಟಾಂತವೇ ದೊಡ್ಡದು. ಕಂಬದೂರು ಕಡೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಕನ್ನಡ ತೆಲುಗು ಎರಡರಲ್ಲೂ ಪಂಡಿತರು, ಸಂಗೀತ ಬಲ್ಲೋರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿದರು. ತಿರುಮಲೆಯಲ್ಲಿ ಅನ್ನಮಯ್ಯನ ಕೀರ್ತನೆಗಳನ್ನು ತಾಮ್ರದ ತಗಡಿನ ಮೇಲೆ ಕೆತ್ತಿಸಿ ಗುಡಿಯ ಒಂದು ಕೋಣೆಯಲ್ಲಿ ಇಟ್ಟಿದ್ದರು. ಶತಮಾನಗಳ ಕಾಲ ಅವು ಅಲ್ಲೇ ಇದ್ದವು. ಗೆದ್ದಲು ತಿನ್ನಲಿಲ್ಲ, ಆದರೆ ಯಾರೂ ಹಾಡಲೂ ಇಲ್ಲ. ಆಮೇಲೆ ಪಂಡಿತರು ಅದನ್ನು ಓದಿ ಅಚ್ಚಿಗೆ ತಂದರು. ರಾಳ್ಳಪಲ್ಲಿ ಶರ್ಮರು 1950ರ ದಶಕದಲ್ಲಿ ಎಷ್ಟೋ ಕೀರ್ತನೆಗಳಿಗೆ ಸ್ವರ ಹಾಕಿದರು. ಆವಾಗ ಅವು ತಿರುಗಿ ಬಾಯಿಗೆ ಬಂದವು. ತಾಮ್ರ ಇಲ್ಲದಿದ್ದರೆ ಪದ ಉಳೀತಿರಲಿಲ್ಲ. ಸ್ವರ ಹಾಕೋರು ಇಲ್ಲದಿದ್ದರೆ ತಾಮ್ರ ಇದ್ದೂ ಪ್ರಯೋಜನ ಇರಲಿಲ್ಲ.

ಊರಿಗೆ ಬಂದು ಇದನ್ನೆಲ್ಲ ವಾಚನಾಲಯದಲ್ಲಿ ಹೇಳಿದೆ. ಬಹಳ ಹೊತ್ತು ಚರ್ಚೆ ಆಯಿತು. ಕಡೆಗೆ ತೀರ್ಮಾನ ಆದದ್ದು ಹಿಂಗೆ. ಮೂಲ ಪುಸ್ತಕ ಊರು ಬಿಟ್ಟು ಹೋಗಕೂಡದು. ಆದರೆ ಅದರ ನಕಲು ಒಂದೇ ಕಡೆ ಇರಕೂಡದು. ಮೂರು ಭಾನುವಾರ ಶಾಲೆಯ ಮಕ್ಕಳು ಕೂತು 11 ನೋಟುಬುಕ್ಕಿನ ಪುಟ ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದರು. ಮೇಷ್ಟ್ರು ಅದನ್ನು ಎರಡು ಪೆನ್‌ಡ್ರೈವಿಗೆ ಹಾಕಿದರು. ಒಂದು ಶಾಲೆಯಲ್ಲಿ ಇದ್ದರೆ ಇನ್ನೊಂದು ವಾಚನಾಲಯದಲ್ಲಿ. ಟ್ರಂಕಿನ ಬದಲು ಕಾಲಿರೋ ಕಬ್ಬಿಣದ ಬೀರು ತಂದು ಗೋಡೆಯಿಂದ ಒಂದು ಗೇಣು ದೂರ ಇಟ್ಟೆವು. ಬೇವಿನ ಸೊಪ್ಪು ಒಣಗಿಸಿ ಹಾಕಿದೆವು. ಕೀಲಿ ಈಗ ಮೊಳೆಗೆ ನೇತುಹಾಕಿದೆ, ಯಾರು ಬೇಕಾದರೂ ತೆಗೀಬಹುದು. ಬೆಂಗಳೂರಿನೋರು ಕೇಳಿದರೂ ಅನಂತಪುರದೋರು ಕೇಳಿದರೂ ನಕಲು ಕೊಡ್ತೀವಿ. ಆದರೆ ಹಾಡಿದೋರ ಹೆಸರು, ಊರು, ಅವರು ಯಾರಿಂದ ಕಲಿತರು, ಯಾವ ತಾರೀಕು, ಈ ನಾಲ್ಕೂ ಬರೆದೇ ಕೊಡೋದು.

ಒಬ್ಬ ಹಿರೀಕರು ಮಾತ್ರ ಇದಕ್ಕೆ ಒಪ್ಪಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡೋರು, ಜುಂಜಪ್ಪನ ಗಣೆ ಊದೋರು. "ಫೋನಿಗೆ ನಾನು ಊದೋದಿಲ್ಲ ಕಣಪ್ಪಾ. ಕಲಿಯೋಕೆ ಒಬ್ಬ ಹುಡುಗನ್ನ ಕಳ್ಸು, ಅವನಿಗೆ ಊದ್ತೀನಿ" ಅಂದರು. ಬಹಳ ಬೇಡಿಕೊಂಡೆವು, ಆಗಲಿಲ್ಲ. ಆವಾಗ ನನಗೆ ಬೇಜಾರಾಯಿತು. ಈಗ ಯೋಚನೆ ಮಾಡಿದರೆ ಅವರ ಮಾತಿನಲ್ಲಿ ಅರ್ಧ ಸತ್ಯ ಐತೆ. ಗಾಜಿನ ಹಿಂದಿನ ಬೊಂಬೆಗೆ ದೀಪ ಇಲ್ಲ ಅಂತ ನಾನೇ ಅಂದುಕೊಂಡೆನಲ್ಲ. ಮಿಕ್ಕ ಅರ್ಧ ನಮ್ಮ ದೊಡ್ಡಮ್ಮನದು. ಅವಳ ಹತ್ತಿರ ಕಲಿಯೋದಕ್ಕೆ ಯಾರೂ ಕೂರಲಿಲ್ಲ, ನಾನೂ ಕೂರಲಿಲ್ಲ, ಲಾಟೀನು ಹಿಡಿದು ನಿಂತಿದ್ದೆ ಅಷ್ಟೆ. ಈಗ ಇಬ್ಬರು ಹುಡುಗರು ಶನಿವಾರ ಸಂಜೆ ಆ ಹಿರೀಕರ ಹತ್ತಿರ ಹೋಗ್ತಾ ಇದಾರೆ. ಒಬ್ಬನಿಗೆ ಉಸಿರು ಹಿಡೀತಾ ಐತೆ, ಇನ್ನೊಬ್ಬನಿಗೆ ಇನ್ನೂ ಇಲ್ಲ.

ಇದನ್ನು ಓದೋ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದ ಮೇಲೆ, ದೇವರ ಗೂಡಿನಲ್ಲಿ, ಹಳೇ ಕಡತದಲ್ಲಿ ಪದದ ಪುಸ್ತಕ, ಪ್ರಸಂಗ, ಹಳೇ ಫೋಟೋ ಏನಾದರೂ ಇದ್ದರೆ ವಾಚನಾಲಯಕ್ಕೆ ತನ್ನಿ. ಒಂದು ದಿನ ಇಟ್ಟುಕೊಂಡು ನಕಲು ಮಾಡಿ ನಿಮ್ಮ ಕೈಗೇ ವಾಪಸು ಕೊಡ್ತೀವಿ. ಮೇಷ್ಟ್ರುಗಳು ವರ್ಷಕ್ಕೆ ಒಂದು ಸಲ ಮಕ್ಕಳನ್ನು ಬೆಂಗಳೂರಿಗೆ ಕರಕೊಂಡು ಹೋದರೆ ಬೇಗೂರಿನ ಕಲ್ಲಿನ ಮುಂದೆ ಎರಡು ನಿಮಿಷ ನಿಲ್ಲಿಸಿ. ಅದಕ್ಕೂ ಮುಂಚೆ ಹೇಮಾವತಿಗೆ ಕರಕೊಂಡು ಹೋಗಿ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತು ರಾತ್ರಿಯೇ ಒಂದು ಪದ ಹೇಳಿಸಿ. ಕೇಳಿದ ಮೇಲೆ, ಅಜ್ಜಿ ಇದನ್ನ ನಿಂಗೆ ಯಾರು ಕಲಿಸಿದ್ರು ಅಂತ ಕೇಳೋದನ್ನ ಮರೀಬೇಡಿ. ಆ ಹೆಸರನ್ನೂ ಬರೆದಿಡಿ.